ಸಲಾಕೆ ತಿರುಚುವ ಪಾಠ

ಹೊಸಹೊಳಲು
೨೭-೮-೧೯೯೬

ಮಗಳು ರಂಜಿತಳಿಗೆ, ನಿನ್ನವ್ವ ಮಾಡುವ ಆಶೀರ್ವಾದ.

ನಿನ್ನ ಕಾಗದ ಬಂತು. ನಾಗಮಂಗಲದ ಗಂಡಿನವರು ಭಾನುವಾರ ನಿನ್ನ ನೋಡಾಕೆ ಬರ್ತಾರೆ, ಅಷ್ಟರೊಳಗೆ ಪಾಂಡವಪುರಕ್ಕೆ ಬಂದುಬುಡವ್ವ, ತಾಯಿಲ್ಲದ ಮನೆ ಅಂದುಕೊಂಡಾರು ಅಂತ ಬರೆದಿದ್ದೀಯ. ಅಂದುಕೊಳ್ಳಲಿ ಬುಡು. ನಾನು ಬರೋದಿಲ್ಲ.

ಹೇಳದೆ ಕೇಳದೆ ತವರಿಗೆ ಯಾಕೆ ಹೋದೆ ಅಂತ ಕೇಳಿದ್ದೀಯಲ್ಲ, ಹೇಳ್ತೀನಿ. ಅವತ್ತು ನಿಮ್ಮಪ್ಪ ಕನ್ನಡಕ ಮರೆತು ಹೋಗಿದ್ದರು. ಕೊಟ್ಟು ಬರೋಣ ಅಂತ ನಿಮ್ಮ ಕಾಲೇಜಿಗೆ ಬಂದೆ. ಕ್ಲಾಸು ನಡೀತಿತ್ತು, ಕಿಟಕಿ ಪಕ್ಕ ನಿಂತುಕೊಂಡೆ. ನಿಮ್ಮಪ್ಪ ಕಬ್ಬಿಣ ತಿರುಚುವ ಪಾಠ ಮಾಡ್ತಿದ್ದರು. ಸೀಮೆಸುಣ್ಣದ ಎರಡೂ ತುದಿ ಹಿಡಿದು ತಿರುಚಿದರು, ಪಟ್ ಅಂತ ಮುರೀತು. ಬೀಡು ಕಬ್ಬಿಣವೂ ಹಿಂಗೇ, ಸುಳಿವೇ ಕೊಡದೆ ಮುರೀತದೆ ಅಂದರು. ಆಮೇಲೆ ಮಿಷನ್ನಿಗೆ ಹಾಕಿ ತಿರುಚಿದ್ದ ಮೈಲ್ಡ್ ಸ್ಟೀಲ್ ಸಲಾಕೆ ತೋರಿಸಿದರು. ಅದರ ಮೈಮೇಲೆ ನೆಟ್ಟಗೆ ಎಳೆದಿದ್ದ ಬಿಳಿ ಗೆರೆ ಹಂಬಿನ ಹಂಗೆ ಸುತ್ತಿಕೊಂಡಿತ್ತು, ಸಲಾಕೆ ಮಾತ್ರ ಮುರಿದಿರಲಿಲ್ಲ. ಇದು ನನ್ನ ಹೆಂಡತಿ ಚಲುವಮ್ಮ ಕಣ್ರಯ್ಯ, ಎಷ್ಟು ತಿರುಚಿದರೂ ತಿರುಚಿಸಿಕೊಳ್ತಾಳೆ, ಮುರಿಯಾಕಿಲ್ಲ, ಎಲ್ಲಿಗೂ ಹೋಗಾಕಿಲ್ಲ ಅಂದರು.

ಪಾಠ ಚೆನ್ನಾಗಿ ಮಾಡ್ತಾರೆ, ಸುಳ್ಳು ಹೇಳಬಾರದು. ಏಳನೇ ಕ್ಲಾಸು ಓದಿದ ನನಗೇ ಅರ್ಥವಾಯಿತು. ಕನ್ನಡಕವನ್ನು ಜವಾನ ಕುಳ್ಳಯ್ಯನ ಕೈಗೆ ಕೊಟ್ಟು ಕೆ.ಆರ್. ಪೇಟೆ ಬಸ್ಸು ಹತ್ತಿದೆ.

ಆ ಮಾತೇನು ಹೊಸದಲ್ಲ. ವರ್ಷವರ್ಷವೂ ಆ ಪಾಠಕ್ಕೆ ನಾನೇ ಸಲಾಕೆ. ಸಂತೆಯಲ್ಲಿ ಅವರ ಹಳೇ ಹುಡುಗರು ನನ್ನ ಕಂಡರೆ ಮುಸಿಮುಸಿ ನಗೋರು. ಶ್ರೀರಂಗಪಟ್ಟಣದಲ್ಲಿ ಮದುವೆ ಊಟಕ್ಕೆ ಕೂತಿದ್ದಾಗ ಇಂಜಿನಿಯರ್ ಆದವನೊಬ್ಬ ಎಲೆ ಮುಂದೆ ಬಗ್ಗಿ, ಮೈಲ್ಡ್ ಸ್ಟೀಲ್ ಮೇಡಂ ಚೆನ್ನಾಗಿದ್ದೀರಾ ಅಂದ. ನಾನೂ ನಕ್ಕೆ. ಆಡೋರ ಬಾಯಿಗೆ ಬೀಗ ಹಾಕಾಕಾಗ್ತದಾ.

ಗಂಡಿನವರು ತಾಯಿ ಎಲ್ಲಿ ಅಂತ ಕೇಳಿದರೆ ಸತ್ತಳು ಅನ್ನು, ನನಗೇನು ಬೇಜಾರಿಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತ ಅವರು ನನ್ನ ಮುಖ ಹುಡುಕೋದು. ನನ್ನ ನೋಡಿ ನಿನ್ನ ಒಪ್ಪಿಕೊಂಡರೆ ಪಾಪ, ಮೋಸ ಹೋಗ್ತಾರೆ. ನೀನು ಅಪ್ಪನ ಮಗಳು.

ಹಸಿರು ರೇಷ್ಮೆ ಸೀರೆ ಬೀರುವಿನ ಕೆಳಗಿನ ಅರೆಯಲ್ಲಿ ಅದೆ. ರವಿಕೆನೂ ಹೊಲಿಸಿಟ್ಟಿದ್ದೀನಿ, ಆ ಸೀರೆಯನ್ನೇ ಉಟ್ಟುಕೋ. ನೆರಿಗೆ ಹಿಡಿಯಾಕೆ ಪಕ್ಕದ ಮನೆ ಮಾದಮ್ಮನ ಕರಿ, ನಿನಗೆ ಬರಾಕಿಲ್ಲ. ಗಂಡಿನ ತಾಯಿಗೆ ನಮಸ್ಕಾರ ಮಾಡೋದ ಮರೀಬೇಡ.

ಇಂತಿ ನಿನ್ನವ್ವ,
ಚಲುವಮ್ಮ

ತಾ.ಕ.: ನಿಮ್ಮಪ್ಪನ ಮಾತಿಗೆ ಮುನಿಸಿಕೊಂಡು ಬಂದೆ ಅಂದುಕೋಬೇಡ. ಅದು ನನಗೆ ಅಭ್ಯಾಸವಾಗಿ ಹೋಗಿತ್ತು. ನೀನು ಮುಂದಿನ ಬೆಂಚಲ್ಲಿ ಕೂತಿದ್ದೆ, ನನ್ನ ನೋಡಲಿಲ್ಲ. ಅವರು ಹಂಗಂದಾಗ ಹುಡುಗರು ಯಾರೂ ನಗಲಿಲ್ಲ, ಇವಳ ತಾಯಿಯಲ್ಲವಾ ಅಂತ ಎಲ್ಲರೂ ನಿನ್ನ ಮುಖವನ್ನೇ ನೋಡುತ್ತಿದ್ದರು. ಮೊದಲು ನಕ್ಕವಳು ನೀನು.