ಇಂಜಿನ್ನಿನ ಬಡಿತ

ಸಯನ್, ಮುಂಬಯಿ
೧೨ ಮಾರ್ಚ್ ೧೯೭೦

ಪ್ರೀತಿಯ ಕೌಸಲ್ಯಕ್ಕನಿಗೆ, ನಿನ್ನ ವನಮಾಲಾ ಮಾಡುವ ನಮಸ್ಕಾರಗಳು.

ಮೊದಲು ಇದನ್ನು ಓದಿಕೋ: ಇವರಿಗೆ ಜೀವಾಪಾಯವಿಲ್ಲ. ಹೆಗಲ ಮೂಳೆ ಮುರಿದಿದೆ, ಕೈಯನ್ನು ಕೊರಳಿಗೆ ಕಟ್ಟಿದ್ದಾರೆ, ಅಷ್ಟೇ. ಮೈಸೂರಿನಲ್ಲಿ ಯಾರೋ ನಿನ್ನ ಕಿವಿಗೆ ಅರ್ಧಂಬರ್ಧ ಸುದ್ದಿ ಹಾಕಿದ್ದಾರೆಂದು ನಿನ್ನ ಕಾಗದದಿಂದ ಗೊತ್ತಾಯಿತು. ತಕ್ಷಣ ಉತ್ತರ ಬರೆಯದೆ ನಿನ್ನನ್ನು ಆತಂಕದಲ್ಲಿ ಕೂರಿಸಿದೆ, ಬೈದುಕೋ. ಬರೆಯಲು ಕೂತರೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಇವತ್ತು ಇವರು ಊಟ ಮಾಡಿ ಮಲಗಿದ್ದಾರೆ, ಬಾಲ್ಕನಿಯಲ್ಲಿ ಬಿಸಿಲು ಇಳಿದಿದೆ. ಮೊದಲಿಂದ ಹೇಳುತ್ತೇನೆ.

ನಮ್ಮ ಬಿಲ್ಡಿಂಗಿನ ಕೆಳಗೆ ಟಾರ್ಪಾಲು ಹೊದ್ದು ನಿಂತಿದ್ದ ಹಸಿರು ಎಂ.ಜಿ. ಕಾರು ನಿನಗೆ ನೆನಪಿರಬೇಕು. ಎರಡೇ ಸೀಟು, ಉದ್ದ ಮೂತಿ, ಬಾಗಿಲ ಮೇಲೆ ಮೊಣಕೈ ಇಟ್ಟರೆ ಬೆರಳು ರಸ್ತೆ ಮುಟ್ಟುವಷ್ಟು ಗಿಡ್ಡ. ಊರಿಗೆ ಹೊರಟ ಇಂಗ್ಲಿಷ್ ದೊರೆಯೊಬ್ಬನಿಂದ ಇವರು ಕೊಂಡದ್ದು. 'ನಿನಗೊಬ್ಬಳು ಬ್ರಿಟಿಷ್ ಸವತಿ ಬಂದಳಲ್ಲೇ' ಎಂದು ನೀನು ನಕ್ಕಿದ್ದೆ. ಆ ಸವತಿಯನ್ನು ಓಡಿಸುವುದಷ್ಟೇ ಇವರಿಗೆ ಸಾಲದಾಯಿತು. ಜುಹೂ ವಿಮಾನಪಟ್ಟಿಯ ಮೇಲೆ ಹುಲ್ಲಿನ ಪೆಂಡಿ ಜೋಡಿಸಿ ರೇಸ್ ನಡೆಸುತ್ತಾರೆ. ಫೆಬ್ರವರಿಯ ರೇಸಿಗೆ ಹೆಸರು ಕೊಟ್ಟು ಬಂದರು. ಅಂದಿನಿಂದ ರವಿವಾರವೆಂದರೆ ಬೈಕುಲ್ಲಾ.

ಅಲ್ಲಿ ನೀಲಕಂಠಪ್ಪ ಎಂಬವನದು ಸಣ್ಣ ಗ್ಯಾರೇಜು. ವಿಜಾಪುರದ ಕಡೆಯವನು. ಇವರಿಬ್ಬರೂ ಸೇರಿದರೆ ಜಾತ್ರೆಗೆ ಹೊರಟ ಮಕ್ಕಳ ಹಾಗೆ. ಇಂಜಿನ್ನಿನ ಹೆಡ್ಡನ್ನು, ಅಂದರೆ ಮೇಲಿನ ಮುಚ್ಚಳವನ್ನು, ಬಿಚ್ಚಿ ಅದರ ತಳವನ್ನು ಹೆರೆಸಿದರು. ಹಾಗೆ ಮಾಡಿದರೆ ಗಾಳಿಯೂ ಪೆಟ್ರೋಲೂ ಇನ್ನಷ್ಟು ಒತ್ತಿಕೊಂಡು ಸಿಡಿದು ಬಲ ಜಾಸ್ತಿಯಾಗುತ್ತದಂತೆ. ಇವರು ಸಾಕು ಎಂದಾಗ ನೀಲಕಂಠಪ್ಪನೇ, "ಸಾಹೇಬ್ರ, ಇನ್ನೊಂದ್ ಜರಾ ಹೆರಸೋಣ್ರೀ. ಗಾಡಿ ಹಕ್ಕಿ ಆಗತೈತಿ, ಹಕ್ಕಿ!" ಎಂದು ಹುರಿದುಂಬಿಸಿದ. ಇವರೂ ಹೂಂ ಎಂದರು.

ನನಗೂ ಒಂದು ಕೆಲಸ ಕೊಟ್ಟಿದ್ದರು. ಆ ಕಾರಿಗೆ ಗಾಳಿ, ಪೆಟ್ರೋಲು ಬೆರೆಸುವ ಎರಡು ಕಾರ್ಬುರೇಟರು. ಎರಡೂ ಒಂದೇ ಸಮ ಉಸಿರೆಳೆಯಬೇಕು. ರಬ್ಬರ್ ಕೊಳವೆಯ ಒಂದು ತುದಿಯನ್ನು ಅದರ ಬಾಯಿಗಿಟ್ಟು, ಇನ್ನೊಂದನ್ನು ಕಿವಿಗಿಟ್ಟುಕೊಂಡು ಕೇಳಬೇಕು. "ನೀನು ಸಂಗೀತ ಕಲಿತವಳು, ನಿನ್ನ ಕಿವಿ ಚೆನ್ನಾಗಿದೆ, ನೀನೇ ಕೇಳು" ಎಂದರು. ಎರಡು ತಂಬೂರಿಯ ಷಡ್ಜ ಸೇರಿಸಿದ ಹಾಗೆ ನಾನು 'ಇನ್ನೂ, ಇನ್ನೂ, ಸಾಕು' ಎಂದು ಕೈಸನ್ನೆ ಮಾಡುತ್ತಿದ್ದೆ, ಇವರು ಸ್ಕ್ರೂ ತಿರುಗಿಸುತ್ತಿದ್ದರು. ಈ ಚಳಿಗಾಲದಲ್ಲಿ ನಮ್ಮಿಬ್ಬರ ನಡುವೆ ಮಾತು ತೀರಾ ಕಮ್ಮಿಯಾಗಿತ್ತಕ್ಕ. ನಾನೂ ಬಿಗಿದುಕೊಂಡೇ ಇದ್ದೆ. ಆದರೂ ಆ ಕೊಳವೆ ಹಿಡಿದಾಗ ಸ್ವಲ್ಪ ಹೆಮ್ಮೆಯಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ತೊಂದರೆಯೊಂದಿತ್ತು. ಅಷ್ಟು ಹೆರೆಸಿದ ಇಂಜಿನ್ನಿಗೆ ನಮ್ಮ ಬಂಕಿನ ಪೆಟ್ರೋಲು ಒಗ್ಗುವುದಿಲ್ಲ. ಅದು ಹೊತ್ತಿಗೆ ಮುಂಚೆಯೇ ಸಿಡಿದು ಒಳಗೆ ಬಡಿಯಲು ಶುರು ಮಾಡುತ್ತದೆ. ಬಡಿತ ಕೇಳಿಸಿದೊಡನೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸರಿ, ಇಲ್ಲದಿದ್ದರೆ ಇಂಜಿನ್ ಒಡೆದುಹೋಗುತ್ತದೆ. ವಿಮಾನಕ್ಕೆ ಹಾಕುವ ಪೆಟ್ರೋಲು ಬೆರೆಸಿದರೆ ಭಯವಿಲ್ಲವಂತೆ. ಇವರ ಸ್ನೇಹಿತರೊಬ್ಬರು ತರಿಸಿಕೊಡುತ್ತೇನೆಂದು ಮಾತು ಕೊಟ್ಟಿದ್ದರು.

ರೇಸಿಗೆ ಮುಂಚಿನ ರವಿವಾರ ಅಂಧೇರಿ ದಾಟಿ ಘೋಡಬಂದರ್ ರಸ್ತೆಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಏರು. ಇವರು ಕಾಲು ಒತ್ತಿದೊಡನೆ ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು. ಅರ್ಧ ಏರಿನಲ್ಲಿ ಆ ಸದ್ದು ಬಂತು, ಡಬ್ಬಿಯಲ್ಲಿ ಬೆಣಚುಕಲ್ಲು ಹಾಕಿ ಕುಲುಕಿದ ಹಾಗೆ. ಇವರೇ ನನಗೆ ವರ್ಣಿಸಿ ಹೇಳಿದ್ದ ಸದ್ದು.

"ರೀ, ಬಡೀತಿದೆ!" ಎಂದೆ.

ಇವರು ನಗುತ್ತಾ ಇನ್ನೂ ಒತ್ತಿದರು. ಹಿಂದೆ ಒಂದು ಲಾರಿ ಹಾರನ್ ಹೊಡೆಯುತ್ತಲೇ ಇತ್ತು, ಇವರು ಜಾಗ ಬಿಡಲಿಲ್ಲ. ನಾನು ತೋಳು ಹಿಡಿದು ಅಲ್ಲಾಡಿಸಿದ ಮೇಲೆ ನನ್ನತ್ತ ತಿರುಗಿದರು. ನನ್ನ ಕಣ್ಣನ್ನಲ್ಲ, ತುಟಿಯನ್ನು ನೋಡಿದರು. "ಏನು?" ಎಂದರು.

ಅಕ್ಕ, ಆ ಲಾರಿಯ ಹಾರನ್ನೂ ಇವರಿಗೆ ಕೇಳಿಸಿರಲಿಲ್ಲ.

ಆ ವಾರವೆಲ್ಲ ಇವರನ್ನು ನೋಡುತ್ತಲೇ ಇದ್ದೆ. ಬಾಗಿಲು ತಟ್ಟಿದರೆ ಏಳುತ್ತಿರಲಿಲ್ಲ. ಕುಕ್ಕರು ಕೂಗಿದರೆ ತಲೆಯೆತ್ತುತ್ತಿರಲಿಲ್ಲ. ಎದುರಿಗೆ ಕೂತು ಮಾತಾಡಿದರೆ ಮಾತ್ರ ಎಲ್ಲದಕ್ಕೂ ಸರಿಯಾದ ಉತ್ತರ. ಕೇಳಿಬಿಡೋಣವೆಂದು ಬಾಯಿ ತೆರೆದವಳು ಮುಚ್ಚಿಕೊಂಡೆ. ಹೇಗೂ ಒಳ್ಳೆಯ ಪೆಟ್ರೋಲು ಬರುತ್ತದಲ್ಲ, ರೇಸೊಂದು ಮುಗಿಯಲಿ ಎಂದುಕೊಂಡೆ.

ಪೆಟ್ರೋಲು ಬರಲಿಲ್ಲ.

ಜುಹೂವಿನಲ್ಲಿ ಸಮುದ್ರದ ಗಾಳಿ, ಧೂಳು, ಗೊಗ್ಗರು ಇಂಜಿನ್ನುಗಳು. ಇವರ ಸ್ನೇಹಿತರು ಬರಿಗೈಲಿ ಬಂದು ಕ್ಷಮೆ ಕೇಳಿ ಹೋದರು. ನೀಲಕಂಠಪ್ಪನ ಮುಖ ಸಣ್ಣದಾಯಿತು. "ಬ್ಯಾಡ್ರಿ ಸಾಹೇಬ್ರ. ಮುಂದಿನ ಸಲ ನೋಡೋಣು. ಹೆರಸಿದ್ದು ಜ್ಯಾದಾ ಆಗೇತಿ, ನನ್ನದ ತಪ್ಪು" ಎಂದ.

ಇವರು ಹೆಲ್ಮೆಟ್ಟಿನ ಪಟ್ಟಿ ಎಳೆಯುತ್ತಾ, "ಅದಕ್ಕೇನು? ಬಡಿತ ಕೇಳಿಸಿದ ಕೂಡಲೇ ಕಾಲು ತೆಗೀತೀನಿ" ಎಂದರು.

ಇನ್ನು ಸುಮ್ಮನಿರಲಾಗಲಿಲ್ಲ. ಇವರನ್ನು ಕಾರಿನ ಆಚೆ ಕರೆದೆ. ಧೂಳಿಗೆಂಬಂತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ರೀ, ನನ್ನ ಹೆಸರೇನು?" ಎಂದು ಕೇಳಿದೆ.

"ಗಾಬರಿಯಾಗಬೇಡ, ಐದೇ ನಿಮಿಷದಲ್ಲಿ ಶುರುವಾಗುತ್ತೆ" ಎಂದರು.

ಬಾಯಿಂದ ಸೆರಗು ತೆಗೆದೆ. ನನ್ನ ಮುಖ ನೋಡಿ ಇವರಿಗೆ ಗೊತ್ತಾಗಿಹೋಯಿತು. ಅವಮಾನದಿಂದ ಕಿವಿ ಕೆಂಪಾದವು. "ಯಾವಾಗಿಂದ?" ಎಂದೆ. "ಹೋದ ವರ್ಷದಿಂದ. ಮೊದಲು ಸಣ್ಣ ಸದ್ದುಗಳು ಹೋದವು" ಎಂದರು. ಫ್ಯಾಕ್ಟರಿಯಲ್ಲಿ ಇವರದು ಕಂಪ್ರೆಸರುಗಳನ್ನು ಪರೀಕ್ಷೆ ಮಾಡುವ ಕೋಣೆ, ಅಲ್ಲಿ ದಿನವಿಡೀ ಗುಡುಗು. "ಗೊತ್ತಾದರೆ ಕೆಲಸದಿಂದ ತೆಗೀತಾರೆ ವನೂ. ಇವತ್ತೊಂದು ದಿನ ಬಿಟ್ಟುಬಿಡು. ಕಾಲಿನಲ್ಲಿ ನನಗೆ ಇಂಜಿನ್ ತಿಳಿಯುತ್ತೆ." ಅಷ್ಟು ದೀನವಾಗಿ ಇವರು ನನ್ನನ್ನು ಏನನ್ನೂ ಕೇಳಿದವರಲ್ಲ.

ನಾನು ಬೇಡವೆಂದರೆ ನಿಲ್ಲುತ್ತಿದ್ದರೋ ಏನೋ. ಕೊನೆಗೆ ಒಂದು ಒಪ್ಪಂದವಾಯಿತು. ಮೂಲೆಯ ತಿರುವಿನಲ್ಲಿ ನಾನೂ ನೀಲಕಂಠಪ್ಪನೂ ನಿಲ್ಲುವುದು. ಬಡಿತ ಕೇಳಿಸಿದರೆ ನಾನು ಹಳದಿ ಟವೆಲ್ಲು ಎತ್ತುವುದು, ಇವರು ಕಾಲು ತೆಗೆಯುವುದು.

ಬಾವುಟ ಬಿತ್ತು. ಮೊದಲ ಸುತ್ತಿಗೆ ಐದನೆಯವರಾಗಿ ಬಂದರು, ಸದ್ದು ಶುದ್ಧವಾಗಿತ್ತು. ಮುಂದಿನ ಸುತ್ತಿಗೆ ಇಬ್ಬರನ್ನು ಹಿಂದೆ ಹಾಕಿದ್ದರು. ಆ ಪುಟ್ಟ ಹಸಿರು ಕಾರು ಎಷ್ಟು ಚೆಂದ ತಿರುವು ತೆಗೆದುಕೊಂಡಿತು ಗೊತ್ತಾ? ನನಗೇ ಗೊತ್ತಿಲ್ಲದೆ ಕೂಗಿಬಿಟ್ಟೆ. ಆಮೇಲೆ ದೂರದಿಂದ, ಅಷ್ಟು ಇಂಜಿನ್ನುಗಳ ನಡುವೆಯೂ, ಬೆಣಚುಕಲ್ಲಿನ ಸದ್ದು ಬಂತು. ಎಲ್ಲಿದ್ದರೂ ಅದನ್ನು ಗುರುತಿಸುತ್ತಿದ್ದೆ.

"ಬಾಯಾರ, ಬಡ್ಯಾಕತ್ತೈತಿ! ಎತ್ರಿ, ಜಲ್ದಿ ಎತ್ರಿ!" ಎಂದು ನೀಲಕಂಠಪ್ಪ ಕಿರುಚಿದ.

ಟವೆಲ್ಲು ಎತ್ತಿದೆ. ಇವರು ನೋಡಿದರು. ಕಾಲು ತೆಗೆದರು, ಸದ್ದು ನಿಂತಿತು. ಆ ಹೊತ್ತಿಗೆ ಒಂದು ಕೆಂಪು ಕಾರು ಇವರನ್ನು ದಾಟಿಹೋಯಿತು. ಮುಂದಿನ ಸುತ್ತಿನಲ್ಲಿ ಅದರ ಬೆನ್ನಿಗೇ ಅಂಟಿಕೊಂಡು ಬಂದರು, ಬಡಿತ ಇನ್ನೂ ಜೋರಾಗಿತ್ತು. ನಾನು ಎರಡೂ ಕೈಯಲ್ಲಿ ಟವೆಲ್ಲು ಹಿಡಿದು ಪೆಂಡಿಯ ಮೇಲೆ ಹತ್ತಿ ನಿಂತೆ. ಇವರ ತಲೆ ನನ್ನತ್ತ ಕೊಂಚ ತಿರುಗಿತು. ಮತ್ತೆ ನೇರವಾಯಿತು. ಕಾಲು ತೆಗೆಯಲಿಲ್ಲ.

ನೇರ ಪಟ್ಟಿಯ ನಡುವೆ ಇಂಜಿನ್ ಒಡೆಯಿತು. ಫಿರಂಗಿ ಹಾರಿಸಿದಂಥ ಸದ್ದು. ಎಣ್ಣೆ ಚಿಮ್ಮಿ, ಅದರ ಮೇಲೇ ಚಕ್ರ ಜಾರಿ, ಕಾರು ಬುಗುರಿಯ ಹಾಗೆ ಸುತ್ತುತ್ತಾ ಹೋಗಿ ಪೆಂಡಿಗಳಿಗೆ ಬಡಿಯಿತು. ಎಲ್ಲೆಲ್ಲೂ ಹೊಗೆ. ಓಡುವಾಗ ಚಪ್ಪಲಿ ಎಲ್ಲಿ ಬಿತ್ತೋ ಕಾಣೆ. ನೀಲಕಂಠಪ್ಪ ನನಗಿಂತ ಮುಂದೆ ಓಡಿ, "ಸಾಹೇಬ್ರ! ಸಾಹೇಬ್ರ!" ಎಂದು ಅಳುತ್ತಾ ಹುಲ್ಲು ಕಿತ್ತೆಸೆಯುತ್ತಿದ್ದ.

ಇವರು ಸ್ಟೀರಿಂಗ್ ಹಿಡಿದು ಕೂತೇ ಇದ್ದರು. ಹಣೆಯಲ್ಲಿ ರಕ್ತ. ನನ್ನನ್ನು ನೋಡಿ ಮಗುವಿನ ಹಾಗೆ, "ಯಾಕೆ ನಿಂತುಹೋಯಿತು?" ಎಂದು ಕೇಳಿದರು.

"ಇಂಜಿನ್ ಒಡೀತು. ಅಷ್ಟು ದೊಡ್ಡ ಸದ್ದು!"

"ಯಾವ ಸದ್ದು?" ಎಂದರು.

ಸುತ್ತ ನಿಂತಿದ್ದವರೆಲ್ಲ ಮುಖ ಮುಖ ನೋಡಿಕೊಂಡರು. ಮುಚ್ಚಿಡಲು ಇನ್ನೇನೂ ಉಳಿಯಲಿಲ್ಲ.

ಟವೆಲ್ಲು ಕಂಡಿತ್ತೇ ಎಂದು ಆಮೇಲೆ ಕೇಳಿದೆ. "ಕಂಡಿತು. ಇನ್ನೊಂದು ಸುತ್ತು ತಡೆಯುತ್ತೆ ಅಂದುಕೊಂಡೆ" ಎಂದರು. ನನಗೆ ಸಿಟ್ಟು ಬಂತು. ಬಂದ ಸಿಟ್ಟು ನಿಲ್ಲಲಿಲ್ಲ, ಅತ್ತುಬಿಟ್ಟೆ.

ಮೂಳೆ ಕೂಡಿಕೊಳ್ಳುತ್ತಿದೆ. ಕಿವಿಯ ಡಾಕ್ಟರು ಮಾತ್ರ, ನರವೇ ಸವೆದಿದೆ, ಹೋದದ್ದು ಬರುವುದಿಲ್ಲ, ಯಂತ್ರ ಹಾಕಿದರೆ ಅಷ್ಟಿಷ್ಟು ಕೇಳಿಸಬಹುದು ಎಂದರು. ಫ್ಯಾಕ್ಟರಿಯವರು ಕೆಲಸದಿಂದ ತೆಗೆಯಲಿಲ್ಲ, ನಕ್ಷೆ ಬಿಡಿಸುವ ವಿಭಾಗಕ್ಕೆ ಹಾಕುತ್ತಾರಂತೆ. ಇವರು ಹೆದರಿದ್ದರಲ್ಲಿ ಅರ್ಧ ಸುಮ್ಮನೆ ಹೆದರಿದ್ದು. ಕಾರನ್ನು ಬೈಕುಲ್ಲಾಕ್ಕೆ ಎಳೆದೊಯ್ದರು. ಎಲ್ಲರೂ ತಮ್ಮೊಡನೆ ಕೂಗಿ ಮಾತಾಡಬೇಕಾಗುತ್ತದೆಂದು ಇವರು ಯಾರನ್ನೂ ನೋಡಲು ಒಪ್ಪುತ್ತಿಲ್ಲ. ನೀಲಕಂಠಪ್ಪ ಬಂದರೆ ಮಾತ್ರ ಕೈಸನ್ನೆಯಲ್ಲೇ ಗಂಟೆಗಟ್ಟಲೆ ಹರಟುತ್ತಾರೆ. ನನಗೆ ನಗು ಬರುತ್ತದೆ.

ಭಾವನವರಿಗೆ ನಮಸ್ಕಾರ ತಿಳಿಸು. ಮಕ್ಕಳು ಪರೀಕ್ಷೆ ಚೆನ್ನಾಗಿ ಮಾಡಲಿ, ದೇವರು ಅವರನ್ನು ನೂರು ಕಾಲ ಇಟ್ಟಿರಲಿ. ನೀನು ಆರೋಗ್ಯ ನೋಡಿಕೋ, ಒಂಟಿಯಾಗಿ ಯೋಚಿಸುತ್ತಾ ಕೂರಬೇಡ.

ನಿನ್ನ ತಂಗಿ,
ವನಮಾಲಾ

ಮರೆತ ಮಾತು: ಮರೆತದ್ದಲ್ಲ ಅಕ್ಕ, ಬರೆಯಲಾಗಲಿಲ್ಲ. ದೀಪಾವಳಿ ಕಳೆದ ಮೇಲೆ ನಾನು ಬಸುರಿಯಾಗಿದ್ದೆ. ನಿನಗೂ ಹೇಳಲಿಲ್ಲ, ಮೊದಲು ಇವರಿಗೆ ಹೇಳಬೇಕೆಂದಿದ್ದೆ. ಬಾಲ್ಕನಿಯಲ್ಲಿ ನನಗೆ ಬೆನ್ನು ಮಾಡಿ ಕೂತು ಕಾರ್ಬುರೇಟರ್ ತೊಳೆಯುತ್ತಿದ್ದರು. ಪಕ್ಕದ ಮನೆಯವರಿಗೆ ಕೇಳಿಸಬಾರದೆಂದು ಮೆಲ್ಲಗೆ ಹೇಳಿದೆ. ಇವರು ತಿರುಗಲಿಲ್ಲ. ಕೈಯಲ್ಲಿದ್ದುದನ್ನು ಬೆಳಕಿಗೆ ಹಿಡಿದು ನೋಡಿ, ಊದಿ, ಮತ್ತೆ ತೊಳೆದರು. ಮಗು ಬೇಡವೆಂಬುದನ್ನು ಹಾಗೆ ಹೇಳಿದರೆಂದು ತಿಳಿದೆ. ಎರಡನೆಯ ಸಲ ಹೇಳಲು ನನ್ನ ಅಭಿಮಾನ ಬಿಡಲಿಲ್ಲ. ಸಂಕ್ರಾಂತಿಗೆ ಮುಂಚೆ ಅದು ಹೋಯಿತು. ಹೊಟ್ಟೆನೋವೆಂದು ಮಲಗಿದೆ, ಇವರು ಸೋಡಾ ತಂದುಕೊಟ್ಟರು. ಆ ಸೋಡಾ ಕುಡಿಯುತ್ತಾ ಇವರನ್ನು ದ್ವೇಷಿಸಿದೆನಕ್ಕ, ಇಡೀ ಚಳಿಗಾಲ ದ್ವೇಷಿಸಿದೆ.

ಇವರಿಗೆ ಕೇಳಿಸಿಯೇ ಇರಲಿಲ್ಲ. ಒಂದು ಮಗು ಬಂದು ಹೋಯಿತೆಂದು ಇವರಿಗೆ ಇವತ್ತಿಗೂ ಗೊತ್ತಿಲ್ಲ. ಹೇಳಬೇಕೋ ಬೇಡವೋ ನೀನೇ ಹೇಳು. ಅಷ್ಟು ಮೆಲ್ಲಗೆ ಹೇಳಿದ್ದನ್ನು ಈಗ ಹೇಗೆ ಕೂಗಿ ಹೇಳಲಿ?