ಮೇಡಂ ಫೋನ್ ಮಾಡುವ ಹೊತ್ತಿಗೆ

ನಿಶಾತ್ ಅಕ್ಕ,

ನೀವು ಸ್ನಾನಕ್ಕೆ ಹೋಗಿದ್ದೀರಿ, ಬಸ್ಸಿಗೆ ಹೊತ್ತಾಯಿತು. ಒವೈಸನನ್ನು ಶಿವಪುರಕ್ಕೆ, ನಮ್ಮಮ್ಮನ ಮನೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ನಿಮ್ಮ ಮಗ ಮನೆಯಲ್ಲಿದ್ದರೆ ಇವತ್ತೂ ಫೋನ್ ಇಂಟರ್‌ವ್ಯೂ ನಡೆದ ಹಾಗೆಯೇ! ಸಂಜೆ ಬರುತ್ತೇವೆ.

ಕುಕ್ಕರ್ ಮುಟ್ಟಬೇಡಿ. ಹೋದ ಸಲ ಇಂಟರ್‌ವ್ಯೂ ನಡುವೆಯೇ "ಒಸಿ ತಡ್ಕಳಿ ಮೇಡಂ, ಕುಕ್ಕರ್ ಕೂಗ್ತಾ ಅದೆ, ಇಳ್ಸ್‌ಬುಟ್ಟು ಬತ್ತೀನಿ" ಅಂತ ಓಡಿದಿರಿ. ವಾಪಸ್ ಬರುವಷ್ಟರಲ್ಲಿ ಅವರು ಫೋನ್ ಇಟ್ಟಿದ್ದರು. ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಹೇಳಿಕೊಟ್ಟಿದ್ದ ಮೊಸರವಲಕ್ಕಿ ಕಲಸಿಟ್ಟಿದ್ದೇನೆ. ಮುಚ್ಚಳ ತೆಗೆದು ತಿನ್ನುವುದಷ್ಟೇ ಕೆಲಸ. ಖಾಲಿ ಹೊಟ್ಟೆಯಲ್ಲಿ ಕೂರಬೇಡಿ.

ಕನ್ನಡಿ ಮುಂದೆ ನಿಂತು ಪುಸ್ತಕದ ಕನ್ನಡ ಅಭ್ಯಾಸ ಮಾಡುತ್ತಿದ್ದಿರಿ, ಬಾಗಿಲ ಸಂದಿಯಿಂದ ನೋಡಿದೆ. ಅದು ಬೇಡ. ಸೊಪ್ಪಿನವಳ ಹತ್ತಿರ ನಗುತ್ತಾ ಮಾತಾಡುತ್ತೀರಲ್ಲ, ಹಾಗೆ ಮಾತಾಡಿ. ಮನೆಯಲ್ಲಿ ಕೂತು ಗಿರಾಕಿಗಳ ಫೋನ್ ತೆಗೆಯುವ ಕೆಲಸಕ್ಕೆ ಅದಕ್ಕಿಂತ ಇನ್ನೇನು ಬೇಕು?

ಅನುಭವ ಇದೆಯಾ ಅಂತ ಕೇಳಿದರೆ ತಲೆ ತಗ್ಗಿಸಿ "ಏನೂ ಇಲ್ಲ ಮೇಡಂ" ಅನ್ನಬೇಡಿ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಎಷ್ಟೋ ದಿನ ಯಾರೊಂದಿಗೂ ಬಾಯಿ ಬಿಟ್ಟಿರಲಿಲ್ಲ. ಬಾಯಿ ಬಿಡಿಸಿದ್ದು ನೀವು. ಅದನ್ನೇ ಹೇಳಿ.

ನಿಮ್ಮ ಶಬ್ರೀನ್