ನಲವತ್ತೈದು ಇಂಚಿನ ಹಿಡಿ

ಕುರುಗೋಡು
22 ಆಗಸ್ಟ್ 2025, ಶುಕ್ರವಾರ

ಅಕ್ಕರೆಯ ಮೊಮ್ಮಗಳು ಅಂಜನಾಳಿಗೆ,

ಕೊಯಮತ್ತೂರಿನ ನೀರು ಈಗಲಾದರೂ ಒಗ್ಗಿತೇ ತಾಯಿ? ಕೆಮ್ಮು ಹೋಯಿತೇ? ಹಾಸ್ಟೆಲಿನ ಅನ್ನ ಸೇರದಿದ್ದರೆ ನಿನ್ನ ಅಮ್ಮ ಸರೋಜಾ ಕಳಿಸಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ತಿನ್ನು. ನಾನು ಚೆನ್ನಾಗಿದ್ದೇನೆ, ಮೊಣಕಾಲು ಮಾತ್ರ ಆಗಾಗ ಮುನಿಸಿಕೊಳ್ಳುತ್ತದೆ. ಫೋನಿನಲ್ಲಿ ನನಗೆ ಮಾತು ಕೂಡಿಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸರೋಜಾ ಇದರ ಫೋಟೋ ತೆಗೆದು ಸಂಜೆಯೊಳಗೆ ಕಳಿಸುತ್ತಾಳೆ. ಸೋಮವಾರ ನಿನ್ನ ಕಂಪನಿಯಲ್ಲಿ ನಕ್ಷೆ ಪಕ್ಕಾ ಆಗುತ್ತದೆ, ಎರಡು ಸಾವಿರ ಯಂತ್ರ ಒಂದೇ ಸಲ ತಯಾರಾಗುತ್ತವೆ, ಆಮೇಲೆ ಒಂದು ನೂಲಿನಷ್ಟೂ ಬದಲಿಸಲಾಗದು ಎಂದಿದ್ದೆಯಲ್ಲ. ಅಷ್ಟರೊಳಗೆ ಸಿರುಗುಪ್ಪದ ಗದ್ದೆಯ ಸುದ್ದಿ ನಿನಗೆ ಮುಟ್ಟಬೇಕು.

ಭತ್ತದ ಕಳೆ ತೆಗೆಯುವ ಆ ಕೈಯಂತ್ರವನ್ನು ನೀನು ಕಳಿಸಿದ ನಕ್ಷೆಯಂತೆಯೇ ನಮ್ಮ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿ ಮುಗಿಸಿದೆ. ಯುಗಾದಿಗೆ ಬಂದಾಗ ನೀನು ಹೇಳಿದ್ದು ನೆನಪಿದೆ: "ತಾತ, ಕಂಪ್ಯೂಟರಿಗೆ ಮೂರು ಹೇಳ್ಬೇಕು. ಏನು ಕಮ್ಮಿ ಆಗ್ಬೇಕು, ಏನು ಬದ್ಲಾಗಬಹುದು, ಏನು ಮುಟ್ಟಬಾರ್ದು. ಉಳಿದಿದ್ದು ಅದಾ ಹುಡುಕತೈತಿ." ತೂಕ ಇಳಿಯಲಿ, ಬಲ ಇಳಿಯದಿರಲಿ ಎಂದು ಕೇಳಿದ್ದಕ್ಕೆ ಅದು ಬಿಡಿಸಿದ ಚಿತ್ರ ನೋಡಿ ಅದರ ಗೆರೆಗಳ ಮೇಲೆ ಬೆರಳಾಡಿಸಿದೆ. ನೀರಲ್ಲಿ ನೆನೆದು ನರ ಮಾತ್ರ ಉಳಿದ ಅರಳಿ ಎಲೆಯ ಹಾಗಿತ್ತು. ಬೇಡವಾದಲ್ಲಿ ಕಬ್ಬಿಣ ತಾನೇ ಎದ್ದು ಹೋಗಿತ್ತು. ನಲವತ್ತು ವರ್ಷ ನಾನು ಅರದಿಂದ ಉಜ್ಜಿ, ಮುರಿದು, ಮತ್ತೆ ಬೆಸೆದು ಹುಡುಕಿದ್ದೂ ಅದನ್ನೇ ಅಲ್ಲವೇ? ನನ್ನದೊಂದು ತಪ್ಪು ಗೊತ್ತಾಗಲು ಒಂದು ಬೆಳೆ ಕಾಯಬೇಕಿತ್ತು. ಕಂಪ್ಯೂಟರು ಊಟದ ಹೊತ್ತಿನೊಳಗೆ ಸಾವಿರ ತಪ್ಪು ಮಾಡಿ, ತಿದ್ದಿ, ಮುಗಿಸಿತ್ತು. ಈಗ ನನಗೆ ಮಧ್ಯಾಹ್ನದ ಜೊಂಪಿನಲ್ಲೂ ಅದೇ. ಬಳ್ಳಾರಿ ಬಸ್ಸು, ಕಾಲುವೆಯ ಸೇತುವೆ, ನಮ್ಮ ಮನೆಯ ಮಂಚ ಎಲ್ಲವೂ ಬೇಡದ ಭಾರ ಕಳಚಿಟ್ಟು, ಎಲೆಯ ನರಗಳಷ್ಟೇ ಆಗಿ ಕಾಲುವೆ ನೀರಿನ ಮೇಲೆ ತೇಲಿಹೋಗುತ್ತವೆ.

ಬುಧವಾರ ಯಂತ್ರವನ್ನು ಬಸ್ಸಿಗೆ ಹಾಕಿಕೊಂಡು ಸಿರುಗುಪ್ಪಕ್ಕೆ ಹೋದೆ. ಗದ್ದೆ ಕೆಲಸದ ಜಡೆಮ್ಮ ಅದನ್ನು ಒಂದೇ ಕೈಯಲ್ಲಿ ಎತ್ತಿ, "ಏನ್ರಿ ಮರಿಬಸಪ್ಪ, ಕೂಸು ಆಡೋ ಸಾಮಾನು ತಂದೀರೇನು?" ಎಂದಳು. ಕೆಸರಿಗಿಳಿದ ಮೇಲೆ ಅವಳ ನಗು ನಿಂತಿತು. ಯಂತ್ರದ ಹಲ್ಲುಗಳು ಕೆಸರನ್ನು ಮೊಸರಿನಂತೆ ಕಡೆಯುತ್ತಿದ್ದವು. ಆಮೇಲೆ ಉಚ್ಚಂಗೆಮ್ಮ ಹಿಡಿದಳು. ಅವಳು ಎತ್ತರದ ಹೆಂಗಸು. ಮೂರು ಸಾಲು ಬಗ್ಗಿಯೇ ತಳ್ಳಿದವಳು ಬದುವಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಯಂತ್ರ ಹಗುರ ಐತ್ರಿ, ನನ್ನ ಸೊಂಟಕ್ಕ ಭಾರ ಆತು. ಹಿಡಿ ಯಾರ ಅಳತೀದು ಇದು?" ಕಂಪನಿಯವರದು ಎಂದುಬಿಟ್ಟೆ. "ಕಂಪನ್ಯಾಗ ಎಲ್ಲಾರೂ ಗಿಡ್ಡ ಅದಾರೇನು?" ಎಂದಳು ಜಡೆಮ್ಮ. ಗದ್ದೆಯೆಲ್ಲ ನಕ್ಕಿತು, ನಾನೂ ನಕ್ಕೆ. ತಿರುಗಿ ಬರುವ ಬಸ್ಸಿನಲ್ಲಿ ನಗು ಬರಲಿಲ್ಲ.

ನಿನ್ನ ಕೆಲಸದಲ್ಲಿ ಕೊರತೆಯಿಲ್ಲ ಮಗಳೇ. ಬಸವಣ್ಣನ ಗುಡಿಯ ಮುಂದೆ ಹಾಯುವಾಗಲೆಲ್ಲ ನಿನ್ನ ಹೆಸರು ಹೇಳಿಯೇ ಹಾಯುತ್ತೇನೆ. ನೀನು ಕೈಹಚ್ಚಿದ್ದೆಲ್ಲ ಹಸನಾಗಲಿ.

ನಿನ್ನ ತಾತ,
ಮರಿಬಸಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಮುಟ್ಟಬಾರದು ಎಂದು ನಾನು ಹಟ ಹಿಡಿದು ನಿನ್ನಿಂದ ಬರೆಸಿದ ಹಿಡಿಯ ಉದ್ದ, ಆ ನಲವತ್ತೈದು ಇಂಚು, ಯಾವ ಲೆಕ್ಕದ್ದೂ ಅಲ್ಲ. ಅದು ನಿನ್ನ ಅಜ್ಜಿ ಜಂಬಮ್ಮನ ಭುಜದ ಎತ್ತರ. ಮದುವೆಯಾದ ವರ್ಷ ಅವಳನ್ನು ಅಂಗಡಿಯ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಉಳಿಯಿಂದ ಗೀರಿದ್ದೆ. ಅಂದಿನಿಂದ ಪ್ರತಿ ಹಿಡಿಯನ್ನೂ ಆ ಗೀರಿಗೆ ಹಿಡಿದೇ ಕೊಯ್ದಿದ್ದೇನೆ, ಅವಳು ಹೋಗಿ ಒಂಬತ್ತು ವರ್ಷವಾದ ಮೇಲೂ. ಎಷ್ಟು ಸೊಂಟ ನೋಯಿಸಿದೆನೋ. ಸೋಮವಾರದ ಮೊದಲೇ ಅದನ್ನು ಬದಲಾಗಬಹುದಾದದ್ದರ ಸಾಲಿಗೆ ಹಾಕು. ಹಿಡಿಗೆ ಮೇಲೆ ಕೆಳಗೆ ನಾಲ್ಕು ತೂತು ಕೊಟ್ಟರೆ ಅವರವರ ಎತ್ತರಕ್ಕೆ ಬೋಲ್ಟು ಹಾಕಿಕೊಳ್ಳುತ್ತಾರೆ. ನಿನ್ನ ಲೆಕ್ಕ ಒಪ್ಪುವುದಾದರೆ, ಎಲ್ಲಕ್ಕಿಂತ ಕೆಳಗಿನ ತೂತು ನಲವತ್ತೈದಕ್ಕೇ ಇರಲಿ.